ಅಪ್ರಾಪ್ತವಯಸ್ಕರ ಗಳಿಕೆಯೂ ಮಾತಾಪಿತೃಗಳ ಅಧಿಕಾರವೂ: ಸ್ವತ್ವ ಮತ್ತು ಸ್ವಾತಂತ್ರ್ಯಗಳ ವಿವೇಚನೆ

ಕೆಲವು ತಿಂಗಳುಗಳ ಹಿಂದೆ ವಯೋವೃದ್ಧ ಶ್ರಾವಕರೊಬ್ಬರು ನಮ್ಮ ಹಸ್ತಪ್ರತಿ ಭಂಡಾರಕ್ಕೆ ಬಂದು ಒಂದು ಪ್ರಶ್ನೆಯನ್ನಿಟ್ಟರು. ಅವರ ಮಗಳ ಮಗಳಿಗೆ ಈಗ ಹದಿನೈದು ವರ್ಷ. ಹುಡುಗಿಯ ಕಂಠ ಚೆನ್ನಾಗಿದೆ. ಪಂಚಕಲ್ಯಾಣಾದಿ ಮಹೋತ್ಸವಗಳಲ್ಲಿಯೂ ಊರೂರಿನ ಸಭೆಗಳಲ್ಲಿಯೂ ಹಾಡಿ ಕೆಲವೇ ವರ್ಷಗಳಲ್ಲಿ ಸಾಕಷ್ಟು ದ್ರವ್ಯವನ್ನು ಸಂಪಾದಿಸಿದ್ದಾಳೆ. ಆ ದ್ರವ್ಯವೆಲ್ಲ ತಂದೆಯ ಕೈ ಸೇರಿ ಮನೆಯ ಮೇಲಂತಸ್ತಾಗಿ ಪರಿಣಮಿಸಿದೆ. ಹುಡುಗಿಯ ಹೆಸರಿನಲ್ಲಿ ಏನನ್ನಾದರೂ ಇಡಬಾರದೆ ಎಂದು ಈ ಹಿರಿಯರು ಕೇಳಿದ್ದಕ್ಕೆ ಅಳಿಯನು ಯಾವುದೋ ಪುಸ್ತಿಕೆಯಲ್ಲಿ ಅಚ್ಚಾಗಿದ್ದ ಮನುಸ್ಮೃತಿಯ ಶ್ಲೋಕವೊಂದನ್ನು ತೋರಿಸಿ, ಶಾಸ್ತ್ರವೇ ಹೀಗೆ ಹೇಳಿರುವಾಗ ನಡುವೆ ಬರಲು ನೀವು ಯಾರು ಎಂದನಂತೆ. "ಪಂಡಿತರೇ, ನಮ್ಮ ಗ್ರಂಥಗಳಲ್ಲಿಯೂ ಹೀಗೆಯೇ ಇದೆಯೆ?" ಎಂಬುದು ವೃದ್ಧರ ಪ್ರಶ್ನೆ. ಆ ದಿನ ನಾನು ಕೊಟ್ಟ ಉತ್ತರ ಅರೆಬರೆಯಾದದ್ದು. ಅನಂತರ ಗ್ರಂಥಗಳನ್ನು ತೆರೆದು ನೋಡಿದಾಗ ಕಂಡುಬಂದ ಸಂಗತಿಗಳನ್ನು ಇಲ್ಲಿ ನಿರೂಪಿಸುತ್ತೇನೆ.

ಅಳಿಯನು ತೋರಿಸಿದ ಶ್ಲೋಕವು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ 416ನೆಯದು. ಭಾರ್ಯೆ, ಪುತ್ರ, ದಾಸ ಎಂಬ ಮೂವರು ಅಧನರು, ಎಂದರೆ ಧನವಿಲ್ಲದವರು. ಅವರು ಏನನ್ನು ಗಳಿಸುವರೋ ಅದು ಅವರು ಯಾರಿಗೆ ಸೇರಿದವರೋ ಅವರ ಧನ ಎಂಬುದು ಅದರ ಸಾರ. ಬಿಡಿಯಾಗಿ ಓದಿದರೆ ಇದಕ್ಕಿಂತ ಸ್ಪಷ್ಟವಾದ ವಚನ ಬೇರೆ ಬೇಡ. ಆದರೆ ಶ್ಲೋಕವನ್ನು ಬಿಡಿಯಾಗಿ ಓದುವುದು ಹಸ್ತಪ್ರತಿಗಳ ನಡುವೆ ಬದುಕುವವರ ಪದ್ಧತಿಯಲ್ಲ. ಒಂದು ಓಲೆಗರಿಯನ್ನು ಕಟ್ಟಿನಿಂದ ಕಳಚಿ ಕೈಗೆತ್ತಿಕೊಂಡರೆ ಅದು ಯಾವ ಗ್ರಂಥದ್ದೆಂಬುದೇ ಎಷ್ಟೋ ವೇಳೆ ತಿಳಿಯುವುದಿಲ್ಲ.

ಈ ವಚನವು ಮನುವಿನಲ್ಲಿ ಮಾತ್ರವಲ್ಲದೆ ಅಲ್ಪಸ್ವಲ್ಪ ಭೇದದೊಡನೆ ನಾರದಸ್ಮೃತಿಯಲ್ಲಿಯೂ ಮಹಾಭಾರತದಲ್ಲಿಯೂ ಬರುತ್ತದೆ. ಮಹಾಭಾರತದ ಸಭಾಪರ್ವದಲ್ಲಿ ಇದು ಯಾರ ಬಾಯಲ್ಲಿ ಬರುತ್ತದೆಂಬುದು ಮನನೀಯ. ದ್ಯೂತದಲ್ಲಿ ಪಾಂಡವರು ಸೋತು ದ್ರೌಪದಿಯನ್ನು ಸಭೆಗೆ ಎಳೆತಂದ ಮೇಲೆ ಆಕೆಯನ್ನು ಕುರಿತು ಕರ್ಣನು ಆಡುವ ಮಾತು ಇದು. ದಾಸನ ಹೆಂಡತಿಗೆ ತನ್ನದೆಂಬುದು ಏನೂ ಇಲ್ಲವೆಂದು ಅವಮಾನಿಸುವುದಕ್ಕಾಗಿ ಆತ ಈ ನ್ಯಾಯವನ್ನು ಎತ್ತುತ್ತಾನೆ. ಅಲ್ಲಿಯ ಪಾಠಾಂತರವಂತೂ ಇನ್ನೂ ಸ್ವಾರಸ್ಯವಾದದ್ದು. ಪ್ರಚಲಿತವಾದ ಮುದ್ರಿತ ಪಾಠದಲ್ಲಿ ದಾಸ, ಪುತ್ರ, ಅಸ್ವತಂತ್ರಳಾದ ನಾರಿ ಎಂದು ಮೂವರ ಹೆಸರಿದೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪರಿಷ್ಕೃತ ಆವೃತ್ತಿಯಲ್ಲಿ ಪುತ್ರನ ಸ್ಥಾನದಲ್ಲಿ ಶಿಷ್ಯನಿದ್ದಾನೆ! ಒಂದು ಪ್ರತಿಪರಂಪರೆಯಲ್ಲಿ ಅಧನನಾದವನು ಮಗ. ಇನ್ನೊಂದರಲ್ಲಿ ಗುರುಕುಲದಲ್ಲಿ ಭಿಕ್ಷೆಯನ್ನು ತಂದು ಗುರುವಿಗೊಪ್ಪಿಸುವ ಶಿಷ್ಯ. ಯಾವ ಪಾಠ ಮೊದಲಿನದು, ಯಾವುದು ಮನುವಿನ ಪ್ರಭಾವದಿಂದ ತಿದ್ದಿದ್ದು ಎಂಬ ಚರ್ಚೆ ಇಲ್ಲಿ ಬೇಡ. ಶಾಸ್ತ್ರವೇ ಹೀಗೆ ಹೇಳಿದೆ ಎಂದು ಬೆರಳಿಟ್ಟು ತೋರಿಸಿದ ಪದವು ಪ್ರತಿಯಿಂದ ಪ್ರತಿಗೆ ಸ್ಥಾನ ಬಿಡುವಂಥದು ಎಂಬಷ್ಟು ತಿಳಿದರೆ ಸಾಕು. ಮೂರನೆಯ ಹೆಸರಿಗೆ ಹತ್ತಿದ 'ಅಸ್ವತಂತ್ರ' ಎಂಬ ವಿಶೇಷಣವನ್ನಾದರೋ ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಅದರ ಸುತ್ತಲೇ ಇದೆ.

ಮನುವಿನ ಶ್ಲೋಕವನ್ನು ವಾಚ್ಯಾರ್ಥದಲ್ಲಿ ಹಿಡಿದರೆ ಮೊದಲು ತೊಡಕಾಗುವುದು ಮನುವಿನ ಗ್ರಂಥಕ್ಕೇ. ಒಂಬತ್ತನೆಯ ಅಧ್ಯಾಯದಲ್ಲಿ ಆತ ಆರು ಬಗೆಯ ಸ್ತ್ರೀಧನವನ್ನು ಹೇಳುತ್ತಾನೆ. ಭಾರ್ಯೆಗೆ ಧನವೇ ಇಲ್ಲದಿದ್ದರೆ ಸ್ತ್ರೀಧನವೆಲ್ಲಿಂದ ಬಂತು? ಅದೇ ಅಧ್ಯಾಯದಲ್ಲಿ ವಿದ್ಯೆಯಿಂದ ಬಂದದ್ದು, ಮಿತ್ರನಿಂದ ಬಂದದ್ದು, ವಿವಾಹದಲ್ಲಿ ಬಂದದ್ದು ಪಡೆದವನದೇ ಆಗತಕ್ಕದ್ದೆಂದೂ, ಪಿತೃದ್ರವ್ಯಕ್ಕೆ ಹಾನಿ ಮಾಡದೆ ಸ್ವಂತ ಶ್ರಮದಿಂದ ಗಳಿಸಿದ್ದನ್ನು ಇಷ್ಟವಿಲ್ಲದಿದ್ದರೆ ಹಂಚಬೇಕಾಗಿಲ್ಲವೆಂದೂ ವಿಧಿಸುತ್ತಾನೆ. ಆದುದರಿಂದಲೇ ಮೇಧಾತಿಥಿ, ಕುಲ್ಲೂಕ ಮೊದಲಾದ ವ್ಯಾಖ್ಯಾನಕಾರರು ಎಂಟನೆಯ ಅಧ್ಯಾಯದ ವಚನಕ್ಕೆ ಸ್ವತ್ವನಿಷೇಧವೆಂಬ ಅರ್ಥವನ್ನು ಒಪ್ಪದೆ, ಅದು ಪಾರತಂತ್ರ್ಯವನ್ನು ಮಾತ್ರ ಬೋಧಿಸುತ್ತದೆಂದು ನಿರ್ಣಯಿಸಿದರು. ಎಂದರೆ, ಮಗನು ಗಳಿಸಿದ್ದು ಮಗನದೇ. ತಂದೆಯನ್ನು ಕೇಳದೆ ವ್ಯಯಮಾಡುವ ಸ್ವಾತಂತ್ರ್ಯ ಮಾತ್ರ ಅವನಿಗಿಲ್ಲ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಮೊದಲ ಪಾದದಲ್ಲಿ ಸ್ತ್ರೀಯರಿಗೆ ಯಜ್ಞಾಧಿಕಾರವುಂಟೆ ಎಂಬ ವಿಚಾರ ಬಂದಾಗಲೂ ಇದೇ ಸ್ಮೃತಿವಚನವು ಪೂರ್ವಪಕ್ಷವಾಗಿ ನಿಂತು, ಶಬರಸ್ವಾಮಿಯ ಭಾಷ್ಯದಲ್ಲಿ ನಿರಾಕೃತವಾಗಿದೆ. ಪೂರ್ವಪಕ್ಷದ ಒಂದು ವಾಕ್ಯವನ್ನು ಕಿತ್ತುಕೊಂಡು ಸಿದ್ಧಾಂತವೆಂದು ಮೆರೆಸುವುದು ಇಂದಿನ ರೋಗವೇನಲ್ಲ. ಮುದ್ರಣಯಂತ್ರವು ಅದನ್ನು ಹರಡಿತು, ಅಷ್ಟೆ.

ಸ್ವಾತಂತ್ರ್ಯವಾದರೂ ಎಂದು ಬರುತ್ತದೆ? ನಾರದಸ್ಮೃತಿಯು ಎಂಟನೆಯ ವರ್ಷದವರೆಗೆ ಶಿಶುವನ್ನು ಗರ್ಭಸ್ಥನಿಗೆ ಸಮಾನವೆಂದು ಗಣಿಸುತ್ತದೆ, ಹದಿನಾರರವರೆಗೆ ಬಾಲ ಅಥವಾ ಪೋಗಂಡ, ಅನಂತರ ವ್ಯವಹಾರಜ್ಞ. ಆದರೆ ತಂದೆತಾಯಿ ಬದುಕಿರುವ ತನಕ, ತನಗೇ ಮುಪ್ಪು ಬಂದರೂ ಅವನು ಸ್ವತಂತ್ರನಲ್ಲವಂತೆ. ಈ ಕಡೆಯ ಮಾತನ್ನು ಓದಿ ಐವತ್ತು ದಾಟಿದ ನಾನೂ ಒಮ್ಮೆ ನಕ್ಕಿದ್ದೇನೆ. ಹದಿನಾರರ ಗಡಿಯನ್ನು ಕೌಟಿಲ್ಯನೂ ಹೇಳುತ್ತಾನೆ: ಸ್ತ್ರೀಗೆ ಹನ್ನೆರಡು, ಪುರುಷನಿಗೆ ಹದಿನಾರು ತುಂಬಿದಾಗ ಪ್ರಾಪ್ತವ್ಯವಹಾರತೆ. ಹತ್ತನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿಯು ನೀತಿವಾಕ್ಯಾಮೃತದ ವಿವಾಹಪ್ರಕರಣದ ಆರಂಭದಲ್ಲಿ ಇದೇ ವಯಸ್ಸುಗಳನ್ನು ಅಂಗೀಕರಿಸಿದ್ದಾನೆ. ಗಡಿಯನ್ನು ಮುಟ್ಟುವ ಮುನ್ನ ಬಾಲನ ದ್ರವ್ಯವನ್ನು ಯಾರು ನೋಡಿಕೊಳ್ಳಬೇಕು? ರಾಜನು ಕಾಪಾಡಬೇಕೆಂದು ಮನು. ಗ್ರಾಮವೃದ್ಧರು ಬೆಳೆಸಬೇಕೆಂದು ಕೌಟಿಲ್ಯ. ಬರಿಯ ರಕ್ಷಣೆಯಲ್ಲ, ವರ್ಧನೆ! ಬಾಲನಿಗೆ ದ್ರವ್ಯವೇ ಇರಲಾರದೆಂದು ಈ ಗ್ರಂಥಕಾರರು ಬಗೆದಿದ್ದರೆ ಇಂಥ ವಿಧಿಗಳಿಗೆ ಅವಕಾಶವೇ ಇರುತ್ತಿರಲಿಲ್ಲ.

ಕೌಟಿಲ್ಯನ ಪ್ರಸ್ತಾಪ ಬಂದುದರಿಂದ ಇನ್ನೊಂದು ಸ್ಥಳವನ್ನೂ ಕಾಣಿಸಬೇಕು. ಅರ್ಥಶಾಸ್ತ್ರದ ಮೂರನೆಯ ಅಧಿಕರಣದ ದಾಸಕಲ್ಪವು ಆರ್ಯರ ಅಪ್ರಾಪ್ತವಯಸ್ಕ ಮಕ್ಕಳನ್ನು ಸ್ವಜನರೇ ಮಾರಿದರೂ ಒತ್ತೆಯಿಟ್ಟರೂ ದಂಡವನ್ನು ವಿಧಿಸುತ್ತದೆ. ಮುಂದುವರಿದು, ತನ್ನನ್ನು ತಾನೇ ಮಾರಿಕೊಂಡವನು ಸ್ವಾಮಿಯ ಕೆಲಸಕ್ಕೆ ವಿರೋಧವಾಗದಂತೆ ಗಳಿಸಿದ್ದು ಅವನಿಗೇ ಸಲ್ಲತಕ್ಕದ್ದು, ತಂದೆಯಿಂದ ಬರುವ ದಾಯವೂ ಅವನಿಗೆ ತಪ್ಪದು ಎನ್ನುತ್ತದೆ. ಮನುವಿನ ಮೂವರು ಅಧನರಲ್ಲಿ ಕಟ್ಟಕಡೆಯವನಾದ ದಾಸನಿಗೇ ಇಲ್ಲಿ ಸ್ವಂತ ಗಳಿಕೆಯುಂಟು. ಮಗನ ಮಾತು ಹಾಗಿರಲಿ. ಈ ಗ್ರಂಥವು ಬೆಳಕು ಕಂಡದ್ದೂ ನಮ್ಮ ಮೈಸೂರಿನಲ್ಲಿಯೇ: ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರು. ಆ ಕಟ್ಟು ಹುಳು ತಿಂದು ಹೋಗಿದ್ದರೆ ದಾಸನ ಈ ಹಕ್ಕು ನಮಗೆ ತಿಳಿಯುತ್ತಲೇ ಇರಲಿಲ್ಲ.

ಇನ್ನು ಕಲ್ಯಾಣಕ್ಕೆ ಬರೋಣ. ಇಂದಿನ ಬಸವಕಲ್ಯಾಣವಾದ ಆ ಚಾಲುಕ್ಯ ರಾಜಧಾನಿಯಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯೆಯನ್ನು ರಚಿಸಿದನು. ಬಂಗಾಳ ಮತ್ತು ಅದನ್ನು ಅನುಸರಿಸಿದ ಪ್ರದೇಶಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಕುಟುಂಬಧನದ ವಿಷಯಕ್ಕೆ ಕಳೆದ ಶತಮಾನದ ತನಕ ಪ್ರಮಾಣವಾಗಿದ್ದದ್ದು ಈ ಗ್ರಂಥ. ದಾಯವಿಭಾಗದ ಆರಂಭದಲ್ಲಿ ಆತನು ಎತ್ತುವ ಪ್ರಶ್ನೆ, ಸ್ವತ್ವವು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೊ ಅಥವಾ ಲೋಕಸಿದ್ಧವೊ ಎಂಬುದು. ಲೌಕಿಕವೇ ಎಂದು ಆತನ ಸಿದ್ಧಾಂತ. ಶಾಸ್ತ್ರವನ್ನರಿಯದ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದೆನ್ನುತ್ತಾರೆ. ಅರ್ಜನೆಯು ಸ್ವತ್ವವನ್ನು ಹುಟ್ಟಿಸುವುದಿಲ್ಲವೆನ್ನುವುದು ತನ್ನನ್ನು ತಾನೇ ವಿರೋಧಿಸುವ ಮಾತು ಎಂಬ ಪ್ರಾಭಾಕರರ ನ್ಯಾಯವನ್ನು ಆತ ಇಲ್ಲಿ ಆಶ್ರಯಿಸುತ್ತಾನೆ. ಗಳಿಸಿದನೆಂದು ಒಪ್ಪಿದ ಮೇಲೆ ಅದು ಗಳಿಸಿದವನದಲ್ಲ ಎನ್ನಲಾಗದು. ಹದಿನೈದರ ಹುಡುಗಿ ಹಾಡಿ ಪಡೆದ ಸಂಭಾವನೆಗೆ ಈ ನ್ಯಾಯವನ್ನು ಅನ್ವಯಿಸಿದರೆ ಅಳಿಯನ ಪುಸ್ತಿಕೆಗೆ ಉತ್ತರ ಅಲ್ಲಿಗೇ ಸಿಕ್ಕಂತಾಯಿತು.

ಆದರೆ ತೊಡಕು ಇಷ್ಟಕ್ಕೆ ತೀರುವುದಿಲ್ಲ. ಯಾಜ್ಞವಲ್ಕ್ಯನು ಸ್ವಾರ್ಜಿತಕ್ಕೆ ಪಿತೃದ್ರವ್ಯಕ್ಕೆ ಹಾನಿಯಾಗದಂತೆ ಎಂಬ ಒಂದು ನಿರ್ಬಂಧವನ್ನು ಇಟ್ಟಿದ್ದಾನೆ. ಮಿತಾಕ್ಷರಾಕಾರನು ಈ ನಿರ್ಬಂಧವನ್ನು ಎಲ್ಲ ಬಗೆಯ ಗಳಿಕೆಗೂ ವಿಸ್ತರಿಸುತ್ತಾನೆ. ಮಿತ್ರನು ಕೊಟ್ಟದ್ದು ತನ್ನದೇ, ಆದರೆ ಆ ಮಿತ್ರನಿಗೆ ಹಿಂದೆ ಉಪಕಾರ ಮಾಡಿದ್ದು ತಂದೆಯ ದುಡ್ಡಿನಿಂದಾದರೆ ತನ್ನೊಬ್ಬನದಲ್ಲ. ವಿದ್ಯೆಯಿಂದ ಬಂದದ್ದು ತನ್ನದೇ, ಆದರೆ ವಿದ್ಯೆಯನ್ನು ಪಡೆದದ್ದು ಪಿತೃದ್ರವ್ಯದ ವೆಚ್ಚದಲ್ಲಾದರೆ ಅದು ವಿಭಾಜ್ಯ. ಕಾತ್ಯಾಯನನು ಇನ್ನೂ ಬಿಗಿ: ಪರರ ಅನ್ನವನ್ನುಂಡು, ಪರರಿಂದ ಕಲಿತ ವಿದ್ಯೆಯಿಂದ ಗಳಿಸಿದ್ದು ಮಾತ್ರ ವಿದ್ಯಾಧನ. ಹಾಗಾದರೆ ಮನೆಯಲ್ಲೇ ಉಂಡು, ಮನೆಯಲ್ಲೇ ಮಲಗಿ, ತಂದೆಯು ಗುರುವಿಗೆ ದಕ್ಷಿಣೆ ಕೊಟ್ಟು ಕಲಿಸಿದ ಸಂಗೀತದಿಂದ ಹುಡುಗಿ ಗಳಿಸಿದ್ದು ಯಾರದು? ಅಳಿಯನ ವಾದಕ್ಕೆ ನಿಜವಾದ ಬಲವಿರುವುದು ಮನುವಿನ ಶ್ಲೋಕದಲ್ಲಲ್ಲ, ಇಲ್ಲಿ. ಪಾಪ, ಅವನಿಗೆ ಇದು ಗೊತ್ತಿರಲಿಲ್ಲ.

ಈ ವಾದಕ್ಕೆ ನನಗೆ ತಿಳಿದ ಅತ್ಯುತ್ತಮ ಉತ್ತರವಿರುವುದು ಬಂಗಾಳದ ಜೀಮೂತವಾಹನನ ದಾಯಭಾಗದಲ್ಲಿ. ಕುಟುಂಬದ ಅನ್ನವನ್ನುಂಡ ಮಾತ್ರಕ್ಕೆ ಪಿತೃದ್ರವ್ಯದ ಉಪಯೋಗವಾಯಿತೆನ್ನಲಾಗದು. ಅದು ತಾಯಿಯ ಮೊಲೆಹಾಲನ್ನು ಕುಡಿದಂತೆಯೇ ಎಂದು ಆತ ಹೇಳುತ್ತಾನೆ. ಉಂಡದ್ದನ್ನೂ ಲೆಕ್ಕ ಹಿಡಿದರೆ ಲೋಕದಲ್ಲಿ ಸ್ವಾರ್ಜಿತವೆಂಬುದೇ ಉಳಿಯದಷ್ಟೆ. ವಿಚಿತ್ರವೆಂದರೆ, ಇಷ್ಟು ಉದಾರನಾದ ಜೀಮೂತವಾಹನನೇ ಮಗನ ಗಳಿಕೆಯಲ್ಲಿ ತಂದೆಗೆ ಭಾಗವನ್ನೂ ಕೊಡುತ್ತಾನೆ. ಕಾತ್ಯಾಯನನ ವಚನವನ್ನು ಆಧರಿಸಿ, ಪಿತೃದ್ರವ್ಯದ ಸಹಾಯದಿಂದ ಗಳಿಸಿದ್ದರೆ ತಂದೆಗೆ ಅರ್ಧ, ಗಳಿಸಿದವನಿಗೆ ಎರಡು ಭಾಗ, ಉಳಿದ ಸಹೋದರರಿಗೆ ಒಂದೊಂದು. ಪಿತೃದ್ರವ್ಯ ತಗಲದಿದ್ದರೆ ತಂದೆಗೂ ಎರಡು, ಗಳಿಸಿದವನಿಗೂ ಎರಡು, ಸಹೋದರರಿಗೆ ಇಲ್ಲ ಎಂಬುದು ಆತನ ಲೆಕ್ಕ. ತಂದೆಯ ಪಾಲು ಇಷ್ಟೆಂದು ಗೊತ್ತುಪಡಿಸಿದ ಈ ಪಕ್ಷದಲ್ಲಿಯೂ ಸರ್ವಸ್ವವೂ ತಂದೆಯದೆಂದು ಹೇಳಿಲ್ಲವೆಂಬುದು ಲಕ್ಷಿಸತಕ್ಕದ್ದು. ತಂದೆಯ ಅಧಿಕಾರಕ್ಕೆ ಅತ್ಯಂತ ಅನುಕೂಲನಾದ ನಿಬಂಧಕಾರನ ಕೈಯಲ್ಲಿಯೂ ಅದು ಅರ್ಧವನ್ನು ದಾಟಲಿಲ್ಲ.

ವೃದ್ಧರ ಪ್ರಶ್ನೆ ಇದ್ದದ್ದು 'ನಮ್ಮ ಗ್ರಂಥಗಳ' ವಿಷಯದಲ್ಲಿ. ಜೈನ ವ್ಯವಹಾರನೀತಿಗೆ ಸಾಮಾನ್ಯವಾಗಿ ಉದಾಹರಿಸುವ ಗ್ರಂಥಗಳೆಂದರೆ ಭದ್ರಬಾಹುಸಂಹಿತೆ, ಹೇಮಚಂದ್ರರ ಹೆಸರಿನಲ್ಲಿರುವ ಅರ್ಹನ್ನೀತಿ, ಇಂದ್ರನಂದಿಯ ಜಿನಸಂಹಿತೆ, ವರ್ಧಮಾನನೀತಿ ಮೊದಲಾದವು. 1926ರಲ್ಲಿ ಬ್ಯಾರಿಸ್ಟರ್ ಚಂಪತರಾಯ ಜೈನರು ಇವುಗಳನ್ನು ಸಂಕಲಿಸಿ ಜೈನ ಕಾನೂನಿನ ಪುಸ್ತಕವನ್ನು ಪ್ರಕಟಿಸಿದರು. ಜೈನರಿಗೆ ಸ್ವತಂತ್ರವಾದ ನ್ಯಾಯಪರಂಪರೆಯುಂಟೆಂದು ನ್ಯಾಯಾಲಯಗಳ ಮುಂದೆ ಸ್ಥಾಪಿಸುವುದು ಅವರ ಉದ್ದೇಶವಾಗಿತ್ತು. ಪಿತೃದ್ರವ್ಯಕ್ಕೆ ಹಾನಿಯಿಲ್ಲದೆ ಸ್ವಶಕ್ತಿಯಿಂದ ಗಳಿಸಿದ್ದು ವಿಭಾಗಕ್ಕೆ ಬಾರದೆಂಬ ನಿಯಮ ಭದ್ರಬಾಹುಸಂಹಿತೆ, ಅರ್ಹನ್ನೀತಿಗಳಲ್ಲಿಯೂ ಇದೆ. ಆದರೆ ಇವುಗಳನ್ನು ಪ್ರಮಾಣವಾಗಿ ಮುಂದಿಡುವಾಗ ನನಗೆ ಸಂಕೋಚವಾಗುತ್ತದೆ. ಶ್ರುತಕೇವಲಿಯ ಹೆಸರು ಹೊತ್ತ ಸಂಹಿತೆಯು ಆತನ ಕೃತಿಯಲ್ಲ, ಬಹಳ ಈಚಿನ ಸಂಕಲನ ಎಂದು ಪಂಡಿತ ಜುಗಲಕಿಶೋರ ಮುಖ್ತಾರರು ಗ್ರಂಥಪರೀಕ್ಷಾ ಎಂಬ ತಮ್ಮ ಲೇಖನಮಾಲೆಯಲ್ಲಿ ಒಂದೊಂದೇ ಶ್ಲೋಕದ ಮೂಲವನ್ನು ತೋರಿಸಿ ಸಾಧಿಸಿದ್ದಾರೆ. ಅರ್ಹನ್ನೀತಿಯ ಕರ್ತೃತ್ವವೂ ಸಂದೇಹಗ್ರಸ್ತವೇ. ಸ್ವಾರ್ಜಿತದ ಈ ನಿಯಮವಂತೂ ಯಾಜ್ಞವಲ್ಕ್ಯನ ನಿಯಮದ ಛಾಯೆಯಂತೆ ಕಾಣುತ್ತದೆ. ನಮ್ಮದೆಂಬ ಅಭಿಮಾನಕ್ಕಾಗಿ ಶಿಥಿಲವಾದ ಪ್ರತಿಯನ್ನು ಗಟ್ಟಿಯೆಂದು ಹೇಳಲಾರೆ.

ಗಟ್ಟಿಯಾದ ಪ್ರಮಾಣ ಬೇರೆಡೆ ಇದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರ ಆದಿಪುರಾಣದ ಮೂವತ್ತೆಂಟನೆಯ ಪರ್ವದಲ್ಲಿ ಗರ್ಭಾನ್ವಯ ಕ್ರಿಯೆಗಳು ಐವತ್ತಮೂರು ನಿರೂಪಿತವಾಗಿವೆ. ಅವುಗಳಲ್ಲಿ ಹದಿನೇಳನೆಯದು ವಿವಾಹ. ಅದರ ಮುಂದಿನದು ವರ್ಣಲಾಭ. ಈ ವರ್ಣಲಾಭವನ್ನು ಹೇಳುವಾಗ ಆಚಾರ್ಯರು ಎತ್ತಿಕೊಳ್ಳುವ ಕಾರಣ ಧರ್ಮಶಾಸ್ತ್ರದ ವಿದ್ಯಾರ್ಥಿಗೆ ಕೂಡಲೇ ಪರಿಚಿತವೆನಿಸುತ್ತದೆ: ಮದುವೆಯಾದರೂ ತಂದೆಯ ಮನೆಯಲ್ಲಿರುವ ತನಕ ಮಗನು ಅಸ್ವತಂತ್ರ, ಅವನಿಗೆ ಸ್ವಾತಂತ್ರ್ಯವು ಸಿದ್ಧಿಸಲೆಂದೇ ಈ ಕ್ರಿಯೆ. ಶುಭದಿನದಲ್ಲಿ ಸಿದ್ಧಪ್ರತಿಮೆಯ ಅರ್ಚನೆಯಾದ ಮೇಲೆ ತಂದೆಯು ಮುಖ್ಯ ಶ್ರಾವಕರನ್ನು ಸಾಕ್ಷಿಯಾಗಿಟ್ಟುಕೊಂಡು ಮಗನ ಕೈಗೆ ಧನವನ್ನು ಕೊಟ್ಟು, ಬೇರೆ ಮನೆಯಲ್ಲಿದ್ದು ಗೃಹಸ್ಥಧರ್ಮವನ್ನು ನಡೆಸೆಂದು ಹೇಳುತ್ತಾನೆ. ತನ್ನ ತಂದೆ ಕೊಟ್ಟ ಧನದಿಂದ ತಾನು ಹೇಗೆ ಯಶಸ್ಸನ್ನೂ ಧರ್ಮವನ್ನೂ ಗಳಿಸಿದೆನೋ ಹಾಗೆ ನೀನೂ ಗಳಿಸು ಎಂಬುದು ಆತನ ಉಪದೇಶದ ತಾತ್ಪರ್ಯ.

ಅಸ್ವತಂತ್ರನೆಂಬ ಸ್ಮೃತಿಗಳ ಪದವನ್ನೇ ಜಿನಸೇನರು ಬಳಸಿದ್ದಾರೆ. ಆದರೆ ಅದನ್ನು ಅವಸ್ಥೆಯೆಂದು ಭಾವಿಸಿದರೇ ಹೊರತು ಸ್ವಭಾವವೆಂದಲ್ಲ. ನಾರದನಲ್ಲಿ ತಂದೆ ಬದುಕಿರುವವರೆಗೆ ಮುದಿ ಮಗನಿಗೂ ಬಿಡುಗಡೆಯಿಲ್ಲ. ಇಲ್ಲಿ ತಂದೆಯು ಬದುಕಿದ್ದೇ, ತನ್ನ ಕೈಯಿಂದಲೇ, ನಾಲ್ಕು ಜನರ ಎದುರಿನಲ್ಲಿ ಮಗನನ್ನು ಸ್ವತಂತ್ರನನ್ನಾಗಿ ಮಾಡಬೇಕು. ಅದನ್ನು ಮಾಡುವುದು ಔದಾರ್ಯವಲ್ಲ, ಸಂಸ್ಕಾರ. ನಾಮಕರ್ಮ, ಅನ್ನಪ್ರಾಶನಗಳ ಸಾಲಿಗೆ ಸೇರಿದ್ದು. ಸಂಪತ್ತು ಹರಿಯುವ ದಿಕ್ಕೂ ಇಲ್ಲಿ ತಂದೆಯಿಂದ ಮಗನ ಕಡೆಗೆ. ಮುಂದೆ ಗೃಹತ್ಯಾಗಕ್ರಿಯೆಯಲ್ಲಿ ತಂದೆಯು ಹಿರಿಯ ಮಗನಿಗೆ ಮನೆಯನ್ನೊಪ್ಪಿಸುವಾಗ ಧನವನ್ನು ಮೂರು ಭಾಗ ಮಾಡಿ ಧರ್ಮಕಾರ್ಯಕ್ಕೊಂದು, ಗೃಹವ್ಯಯಕ್ಕೊಂದು, ಒಡಹುಟ್ಟಿದವರಿಗೆ ಹಂಚಲೊಂದು ಎಂದು ವಿಧಿಸಿ, ಆ ಮೂರನೆಯ ಭಾಗದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೆ ಸಮನಾದ ಅಂಶವೆಂದು ಹೇಳುತ್ತಾನೆ. ಒಂಬತ್ತನೆಯ ಶತಮಾನದ ಈ ಮಾತನ್ನು ನಮ್ಮ ಸಮಾಜ ಎಷ್ಟು ಪಾಲಿಸಿತೆಂಬುದನ್ನು ಕೇಳಿಕೊಳ್ಳದಿರುವುದೇ ಮೇಲು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೂ ಈ ವಿಷಯಕ್ಕೆ ಪರೋಕ್ಷವಾಗಿ ಒದಗುತ್ತದೆ. ಪರಿಗ್ರಹಪರಿಮಾಣಾಣುವ್ರತದ ಅತಿಚಾರಗಳನ್ನು ಹೇಳುವ ಸೂತ್ರದಲ್ಲಿ ಗೃಹಸ್ಥನು ಮಿತಿಯಿಡಬೇಕಾದ ವಸ್ತುಗಳ ಹೆಸರಿದೆ: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸೀ, ದಾಸ, ಕುಪ್ಯ. ಮನು ಹೇಳಿದ ಮೂವರಲ್ಲಿ ದಾಸನು ಇಲ್ಲಿದ್ದಾನೆ, ಭಾರ್ಯೆಯಿಲ್ಲ, ಪುತ್ರನಿಲ್ಲ. ವೈರಾಗ್ಯಪ್ರಕರಣಗಳಲ್ಲಿ ಪುತ್ರಕಳತ್ರಾದಿಗಳು ಮಮಕಾರದ ವಿಷಯವೆಂದು ಬರುವುದು ನಿಜ. ಅದು ಮೋಹದ ಮಾತು, ಒಡೆತನದ ಲೆಕ್ಕವಲ್ಲ. ಒಡೆತನದ ಪಟ್ಟಿಯಲ್ಲಿಲ್ಲದ ಮಗನನ್ನು ಯಾರಿಗೋ 'ಸೇರಿದವನು' ಎಂದು ಹಿಡಿದು, ಆ ಮೂಲಕ ಅವನ ಗಳಿಕೆಯನ್ನು ಸೆಳೆಯುವ ನ್ಯಾಯಕ್ಕೆ ಇಲ್ಲಿ ನೆಲೆ ಸಿಗದು. ಅದೇ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಎಣಿಸಿದೆ. ವ್ಯಾಖ್ಯಾನಗಳಲ್ಲಿ ಅದಕ್ಕೆ ಎತ್ತು ಮೊದಲಾದ ಪ್ರಾಣಿಗಳ ದೃಷ್ಟಾಂತವೇ ಪ್ರಸಿದ್ಧ. ಪರೀಕ್ಷೆಯ ಹಿಂದಿನ ರಾತ್ರಿ ಮೂರು ಊರುಗಳಲ್ಲಿ ಹಾಡಿಸಲ್ಪಟ್ಟ ಹುಡುಗಿಗೂ ಅದು ಸಲ್ಲುತ್ತದೆಂದು ನಾನು ಭಾವಿಸುತ್ತೇನೆ. ಇದು ನನ್ನ ವ್ಯಾಖ್ಯಾನ, ಪೂರ್ವಾಚಾರ್ಯರದಲ್ಲ.

ಆಧುನಿಕ ನ್ಯಾಯದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1875ರ ಪ್ರಾಪ್ತವಯಸ್ಸಿನ ಕಾಯ್ದೆಯು ಹದಿನಾರರ ಗಡಿಯನ್ನು ಹದಿನೆಂಟಕ್ಕೆ ಸರಿಸಿತು. ವಿದ್ಯಾಧನದ ಹಳೆಯ ತೊಡಕು ಮಾತ್ರ ಬ್ರಿಟಿಷ್ ನ್ಯಾಯಾಲಯಗಳಲ್ಲಿ ಬೆಳೆಯುತ್ತಲೇ ಹೋಯಿತು. 1921ರಲ್ಲಿ ಪ್ರಿವಿ ಕೌನ್ಸಿಲು, ಇಂಡಿಯ ಸಿವಿಲ್ ಸರ್ವೀಸಿನ ಅಧಿಕಾರಿಯೊಬ್ಬರ ವಿದ್ಯಾಭ್ಯಾಸಕ್ಕೆ ಕುಟುಂಬದ ಹಣ ಸಂದಿತ್ತೆಂಬ ಕಾರಣದಿಂದ ಅವರ ಗಳಿಕೆಯೂ ಕುಟುಂಬದ ಸ್ವತ್ತೆಂದು ತೀರ್ಮಾನಿಸಿತು. ಕಲ್ಯಾಣದಲ್ಲಿ ಬರೆದ ಒಂದು ವಾಕ್ಯದ ನೆರಳು ಎಂಟು ಶತಮಾನಗಳನ್ನು ದಾಟಿ ಲಂಡನ್ನಿನ ತೀರ್ಪಿನ ಮೇಲೆ ಬಿದ್ದಿತ್ತು. ಇದರಿಂದ ಉಂಟಾದ ಅಸಮಾಧಾನದ ಫಲವೇ 1930ರ ಹಿಂದೂ ವಿದ್ಯಾಧನ ಕಾಯ್ದೆ. ಕಲಿಕೆಗೆ ಯಾರ ಹಣ ಸಂದಿರಲಿ, ಯಾರ ಅನ್ನವುಂಡಿರಲಿ, ವಿದ್ಯೆಯಿಂದ ಬಂದ ಗಳಿಕೆ ಗಳಿಸಿದವನದೇ ಎಂದು ಅದು ವಿಧಿಸಿತು. ಪ್ರಾಥಮಿಕ ಶಿಕ್ಷಣ ಮೊದಲುಗೊಂಡು ಯಾವುದೇ ಕಸುಬಿಗೆ ಬೇಕಾದ ತರಬೇತಿಯವರೆಗೆ ಎಲ್ಲವೂ ಅದರ ದೃಷ್ಟಿಯಲ್ಲಿ ವಿದ್ಯೆಯೇ. ಆದುದರಿಂದ ಸಂಗೀತವೂ ಸೇರುತ್ತದೆ. ಜೀಮೂತವಾಹನನ ಮೊಲೆಹಾಲಿನ ದೃಷ್ಟಾಂತವು ಈ ಮೂಲಕ ಶಾಸನದ ಬಲವನ್ನು ಪಡೆಯಿತೆನ್ನಬಹುದು. ಮೂರು ವರ್ಷಗಳ ತರುವಾಯ ಬಂದ 1933ರ ಕಾಯ್ದೆಯು ಹದಿನೈದು ತುಂಬದ ಮಕ್ಕಳ ದುಡಿಮೆಯನ್ನು ತಂದೆತಾಯಿಗಳು ಸಾಲಕ್ಕಾಗಿ ಒತ್ತೆಯಿಡುವ ಕರಾರುಗಳನ್ನು ಶೂನ್ಯವೆಂದು ಸಾರಿತು. ಕೌಟಿಲ್ಯನ ನಿಷೇಧವು ಮತ್ತೊಮ್ಮೆ ಬರೆಯಲ್ಪಡಬೇಕಾಗಿ ಬಂದದ್ದು ವಿಷಾದದ ಸಂಗತಿ.

ಸ್ವತ್ವವಿದ್ದರೂ ಸ್ವಾತಂತ್ರ್ಯವಿಲ್ಲದವನ ಕಷ್ಟಕ್ಕೆ 1949ರ ಮುಂಬಯಿ ಉಚ್ಚ ನ್ಯಾಯಾಲಯದ ಒಂದು ಮೊಕದ್ದಮೆ ನಿದರ್ಶನ. ಚಲನಚಿತ್ರದಲ್ಲಿ ಅಭಿನಯಿಸಲು ಅಪ್ರಾಪ್ತವಯಸ್ಕ ಹುಡುಗಿಯೊಬ್ಬಳ ಪರವಾಗಿ ತಂದೆಯು ನಿರ್ಮಾಪಕನೊಡನೆ ಕರಾರು ಮಾಡಿಕೊಂಡಿದ್ದನು. ಕರಾರು ಮುರಿದಾಗ ಹುಡುಗಿ ದಾವೆ ಹೂಡಿದಳು. ಅಪ್ರಾಪ್ತವಯಸ್ಕಳ ಮಾತಿಗೆ ಕರಾರಿನ ಬಲವಿಲ್ಲವಾದುದರಿಂದ ಒಪ್ಪಂದವು ಪ್ರತಿಫಲವಿಲ್ಲದ್ದೆಂದೂ, ಅದರ ಮೇಲೆ ದಾವೆ ನಿಲ್ಲದೆಂದೂ ತೀರ್ಪಾಯಿತು. ಮಗುವಿನ ರಕ್ಷಣೆಗೆಂದು ಹುಟ್ಟಿದ ಪಾರತಂತ್ರ್ಯವೇ ಮಗುವಿನ ಕೂಲಿಯನ್ನು ಇಲ್ಲವಾಗಿಸಿತು.

ಜೈನರಿಗೂ ಅನ್ವಯಿಸುವ 1956ರ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವದ ಕಾಯ್ದೆಯ ಪ್ರಕಾರ ತಂದೆತಾಯಿಗಳು ಸ್ವಾಭಾವಿಕ ಪಾಲಕರು. ಮಗುವಿನ ಸ್ವತ್ತಿನ ವಿಷಯದಲ್ಲಿ ಮಗುವಿನ ಹಿತಕ್ಕೆ ಅಗತ್ಯವೂ ಯುಕ್ತವೂ ಆದುದನ್ನು ಮಾತ್ರ ಅವರು ಮಾಡಬಲ್ಲರು. ಸ್ಥಿರಾಸ್ತಿಯನ್ನು ಪರಭಾರೆ ಮಾಡಬೇಕಾದರೆ ನ್ಯಾಯಾಲಯದ ಅನುಮತಿ ಬೇಕು. ಅವರು ಒಡೆಯರಲ್ಲ, ನೋಡಿಕೊಳ್ಳುವವರು. ಆದಾಯ ತೆರಿಗೆಯ ಕಾನೂನಿಗೆ 1992ರಲ್ಲಿ ಸೇರಿಸಿದ ವಿಧಿಯೂ ಇದೇ ವಿವೇಕವನ್ನು ತೋರಿತು: ಮಗುವಿನ ಆದಾಯವನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಿ ಎಣಿಸಬೇಕು, ಆದರೆ ಮಗು ತನ್ನ ಮೈದುಡಿಮೆಯಿಂದಲೋ ಕೌಶಲ ಪ್ರತಿಭೆಗಳಿಂದಲೋ ಗಳಿಸಿದ್ದನ್ನು ಸೇರಿಸಕೂಡದು. 2014ರಲ್ಲಿ ರಿಸರ್ವ್ ಬ್ಯಾಂಕು ಹತ್ತು ವರ್ಷ ಮೀರಿದ ಮಕ್ಕಳು ತಾವೇ ಉಳಿತಾಯ ಖಾತೆಯನ್ನು ತೆರೆದು ನಡೆಸಬಹುದೆಂದು ಅನುಮತಿಸಿತು. ನಾರದನ ಪೋಗಂಡನಿಗೆ ಬ್ಯಾಂಕಿನ ಕಿಟಕಿಯಲ್ಲಿ ಸ್ವಾತಂತ್ರ್ಯ!

ಬಾಲಕಲಾವಿದರಿಗೆಂದೇ ಒಂದು ನಿಯಮ 2017ರಲ್ಲಿ ಬಂದಿತು. ಕಾರ್ಯಕ್ರಮದಿಂದ ಮಗುವಿಗೆ ಬರುವ ಆದಾಯದಲ್ಲಿ ಕನಿಷ್ಠ ನೂರಕ್ಕೆ ಇಪ್ಪತ್ತನ್ನು ನೇರವಾಗಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ಕಾಯಂ ಠೇವಣಿಗೆ ಹಾಕಬೇಕು. ಪ್ರಾಪ್ತವಯಸ್ಸಿನಲ್ಲಿ ಅದು ಮಗುವಿಗೆ ಸಲ್ಲಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಕೂಡದು. ನೋಡಿದಾಗ ನಮ್ಮ ಹುಡುಗಿಯ ಪ್ರಶ್ನೆಗೆ ಇದೇ ಉತ್ತರವೆಂದು ನನಗೂ ಅನ್ನಿಸಿತ್ತು. ಆದರೆ ಆ ಕಾಯ್ದೆಯಲ್ಲಿ 'ಮಗು' ಎಂದರೆ ಹದಿನಾಲ್ಕು ತುಂಬದವರು. ಹದಿನಾಲ್ಕಕ್ಕೂ ಹದಿನೆಂಟಕ್ಕೂ ನಡುವಿನವರಿಗೆ ಆ ನಿಯಮದ ಅಕ್ಷರ ತಲುಪುವುದಿಲ್ಲ. ಸ್ವರ ಪಕ್ವವಾಗಿ ಸಂಭಾವನೆ ಏರುವ ನಾಲ್ಕು ವರ್ಷಗಳಲ್ಲಿಯೇ ನೂರಕ್ಕೆ ಇಪ್ಪತ್ತರ ಕಟ್ಟಳೆಯೂ ಇಲ್ಲ, ಹದಿನೆಂಟರ ಸ್ವಾತಂತ್ರ್ಯವೂ ಇಲ್ಲ. ಪಾಲಕನ ಸಾಮಾನ್ಯ ಕರ್ತವ್ಯವನ್ನು ಹೇಳುವ 1956ರ ವಿಧಿಯೊಂದೇ ಅಲ್ಲಿ ಆಧಾರ. ತಂದೆಯ ಮೇಲೆಯೇ ಮಗಳು ನ್ಯಾಯಾಲಯಕ್ಕೆ ಹೋಗದಿದ್ದರೆ ಆ ವಿಧಿ ಮಾತಾಡುವುದಿಲ್ಲ.

ಇಲ್ಲಿ ನನ್ನ ಒಂದು ಸಂಗತಿಯನ್ನು ಹೇಳಿದರೆ ಅಪ್ರಸ್ತುತವಾಗಲಾರದು. ಹದಿನಾಲ್ಕರಿಂದ ಹದಿನೇಳನೆಯ ವಯಸ್ಸಿನವರೆಗೆ ನಾನು ರಜೆಯ ದಿನಗಳಲ್ಲಿ ಓಲೆಪ್ರತಿಗಳನ್ನು ಕಾಗದಕ್ಕೆ ಇಳಿಸುವ ಕೆಲಸ ಮಾಡುತ್ತಿದ್ದೆ. ಹಳಗನ್ನಡ ಲಿಪಿಯನ್ನು ಕಲಿಸಿದವರು ತಂದೆಯವರೇ. ಪುಟಕ್ಕೆ ಇಷ್ಟು ಪೈಸೆಯೆಂದು ಬಂದ ಕೂಲಿಯನ್ನು ಅವರ ಕೈಗೆ ಕೊಡುವುದು ವಾಡಿಕೆ. ಅವರು ತೀರಿಕೊಂಡ ಮೇಲೆ ಅವರ ಲೆಕ್ಕದ ಪುಸ್ತಕಗಳಲ್ಲಿ ನನ್ನ ಹೆಸರಿನ ಒಂದು ಹಾಳೆಯನ್ನು ಕಂಡೆ. ಪ್ರತಿಯೊಂದು ಜಮೆಯೂ ಗ್ರಂಥದ ಹೆಸರು, ಪುಟಗಳ ಸಂಖ್ಯೆಯೊಡನೆ ನಮೂದಾಗಿತ್ತು. ಕೆಳಗೆ ಒಂದೇ ಖರ್ಚು: ಅಕ್ಕನ ಮದುವೆಗೆ ತೆಗೆದದ್ದು, ಪೂರ್ತಿ ಮೊತ್ತ. ಕೇಳಿದ್ದರೆ ನಾನು ಬೇಡವೆನ್ನುತ್ತಿರಲಿಲ್ಲ. ಕೇಳಲಿಲ್ಲ. ಅದು ನನ್ನ ಹಣವೆಂದು ಅವರಿಗೆ ತಿಳಿದಿತ್ತು. ಹಾಳೆಯೇ ಅದಕ್ಕೆ ಸಾಕ್ಷಿ. ಸ್ವತ್ವಸ್ವಾತಂತ್ರ್ಯಗಳ ಭೇದವನ್ನು ಮಿತಾಕ್ಷರೆಯಲ್ಲಿ ಓದುವಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಹಾಳೆ.

ವೃದ್ಧರಿಗೆ ಇಷ್ಟನ್ನೂ ಪತ್ರಮುಖೇನ ಬರೆದು, ಕಟ್ಟಿದ ಮೇಲಂತಸ್ತಿನ ಮಾತು ಸದ್ಯಕ್ಕೆ ಬಿಟ್ಟು ಇನ್ನು ಮುಂದೆ ಬರುವ ಸಂಭಾವನೆಗಾದರೂ ಹುಡುಗಿಯ ಹೆಸರಿನಲ್ಲಿ ಒಂದು ಖಾತೆಯನ್ನು ತೆರೆಸುವಂತೆ, ಅದರ ಪುಸ್ತಕವು ಆಕೆಯ ಕೈಯಲ್ಲೇ ಇರುವಂತೆ ಅಳಿಯನಿಗೆ ಹೇಳಿರೆಂದು ತಿಳಿಸಿದೆ. ಹದಿನೈದು ದಿನಗಳಲ್ಲಿ ಉತ್ತರ ಬಂತು. ಖಾತೆಯ ವಿಷಯವನ್ನು ಅವರು ಪ್ರಸ್ತಾಪಿಸಿರಲಿಲ್ಲ. ವರ್ಣಲಾಭಕ್ರಿಯೆಯನ್ನು ಹೆಣ್ಣುಮಕ್ಕಳಿಗೆ ಮಾಡಬಹುದೆ, ಅದಕ್ಕೆ ಮದುವೆಯೇ ಆಗಿರಬೇಕೆ ಎಂದು ಕೇಳಿದ್ದರು. ಜಿನಸೇನರು ಅಲ್ಲಿ ಮಗನನ್ನು ಮಾತ್ರ, ವಿವಾಹವಾದ ಮೇಲೆ ಮಾತ್ರ ಹೇಳಿದ್ದಾರೆಂದು ಇದ್ದುದನ್ನು ಇದ್ದಂತೆ ಬರೆದೆ. ಜೊತೆಗೆ, ಹೆಣ್ಣುಮಕ್ಕಳ ಸಮಾಂಶವನ್ನು ಹೇಳುವ ಅದೇ ಪರ್ವದ ಶ್ಲೋಕವನ್ನು ಕನ್ನಡ ತಾತ್ಪರ್ಯದೊಡನೆ ನಕಲು ಮಾಡಿ ಕಳುಹಿಸಿದೆ.